ನಿರ್ವಾಣದ ಬಾಣಂತನ

ಮುಂಬಯಿಯ ಹಿಜಡಾ ಸಮುದಾಯವನ್ನು ಕುರಿತು ಕಳೆದ ನೂರೈವತ್ತು ವರ್ಷಗಳಲ್ಲಿ ಬರೆದಿರುವವರ ದೃಷ್ಟಿಯು, ಅವರು ಗೆಜೆಟಿಯರಿನ ಸಂಪಾದಕರಾಗಿರಲಿ, ಪೊಲೀಸು ಇಲಾಖೆಯ ಅಧಿಕಾರಿಗಳಾಗಿರಲಿ, ಜಾತಿಜನಾಂಗಗಳ ವಿವರಣೆಗೆಂದು ಹೊರಟ ವಿದ್ವಾಂಸರಾಗಿರಲಿ, ಬಹುಮಟ್ಟಿಗೆ ಒಂದೇ ಗಳಿಗೆಯ ಮೇಲೆ ನೆಟ್ಟು ನಿಂತಿರುವುದು ಕಂಡುಬರುತ್ತದೆ. ಅದು ಕತ್ತಿಯ ಗಳಿಗೆ. ಪುರುಷಾಂಗವನ್ನು ಛೇದಿಸಿ ಸ್ತ್ರೀತ್ವಕ್ಕೆ ಪ್ರವೇಶ ಪಡೆಯುವ ಆ ಸಂಸ್ಕಾರಕ್ಕೆ ಸಮುದಾಯದವರು ನಿರ್ವಾಣವೆನ್ನುತ್ತಾರೆ. ಛೇದನವು ಹೇಗಾಯಿತು, ಯಾವ ಆಯುಧದಿಂದಾಯಿತು, ಮಾಡಿದವರು ಯಾರು, ಮಾಡಿಸಿಕೊಂಡಾತ ಒಪ್ಪಿದ್ದನೆ ಇಲ್ಲವೆ ಎಂಬ ಪ್ರಶ್ನೆಗಳಿಗೆ ಪುಟಗಟ್ಟಲೆ ಸ್ಥಳವನ್ನು ಕೊಟ್ಟ ಈ ಲೇಖಕರು, ಮರುದಿನ ಬೆಳಗಿನಿಂದ ಆರಂಭವಾಗಿ ನಲವತ್ತನೆಯ ದಿನದವರೆಗೆ ಆ ಗಾಯವನ್ನು ತೊಳೆದವರು ಯಾರು, ಜ್ವರ ಬಂದಾಗ ತಲೆಯ ಬಳಿ ಕುಳಿತವರು ಯಾರು, ಉಣ್ಣಲು ಕೊಟ್ಟದ್ದೇನು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಆದರೆ ಆ ಸಂಸ್ಕಾರವು ಶತಮಾನಗಳ ಕಾಲ ಬಾಳಿ ಬಂದದ್ದಕ್ಕೆ ಮುಖ್ಯ ಕಾರಣ ಈ ನಲವತ್ತು ದಿನಗಳ ಶುಶ್ರೂಷೆಯೇ ಎಂದು ನನಗೆ ತೋರುತ್ತದೆ. ಕತ್ತಿಯು ದಾಯಿಯೆಂದು ಕರೆಯಲಾಗುವ ಶಸ್ತ್ರಧಾರಿಣಿಯ ಕೈಯಿಂದ ವೈದ್ಯನ ಕೈಗೆ ಸರಿದು ಈಗ ಎರಡು ತಲೆಮಾರು ಕಳೆದಿದೆ. ಶುಶ್ರೂಷೆ ಯಾರ ಕೈಗೆ ಸರಿಯಿತು ಎಂಬುದನ್ನು ವಿಚಾರಿಸುವುದಕ್ಕಾಗಿ ಈ ಬರಹ. ಹಿಜಡಾ ಎಂಬ ಹೆಸರು ಕನ್ನಡದಲ್ಲಿ ಬೈಗುಳವಾಗಿಯೂ ಸಲ್ಲುತ್ತದೆಂಬುದನ್ನು ಬಲ್ಲೆ. ಮುಂಬಯಿಯ ಆ ಮನೆಗಳವರು ತಮ್ಮನ್ನು ತಾವು ಹಾಗೆಯೇ ಕರೆದುಕೊಳ್ಳುವುದರಿಂದ ಇಲ್ಲಿ ಅದನ್ನೇ ಉಳಿಸಿಕೊಂಡಿದ್ದೇನೆ.

ಭಾಯಖಳಾ, ಕಾಮಾಠಿಪುರ, ಭೇಂಡಿ ಬಜಾರುಗಳ ಸುತ್ತ ಹಬ್ಬಿಕೊಂಡಿದ್ದು, ಮುಂದೆ ನಗರವು ಉತ್ತರಕ್ಕೆ ಬೆಳೆದ ಹಾಗೆಲ್ಲ ಘಾಟ್‌ಕೋಪರ್, ಭಾಂಡುಪ್, ಮಾಲಾಡಿನ ಮಾಲವಣಿ ಮೊದಲಾದ ಉಪನಗರಗಳಿಗೂ ಕವಲೊಡೆದ ಹಿಜಡಾ ಸಮಾಜವು ಘರಾಣೆಗಳೆಂಬ ಮನೆತನಗಳಾಗಿ ವಿಭಾಗಗೊಂಡಿದೆ. ಭೇಂಡಿ ಬಜಾರ್, ಲಾಲನ್‌ವಾಲಾ, ಬುಲಾಕ್‌ವಾಲಾ, ಪೂನಾವಾಲಾ ಎಂಬಿವು ಅವುಗಳಲ್ಲಿ ಹೆಸರಾದವು. ಒಂದೊಂದು ಮನೆತನಕ್ಕೂ ಒಬ್ಬ ನಾಯಕ. ನಾಯಕರೆಲ್ಲ ಕೂಡಿ ಜಮಾತು. ಜಮಾತಿನ ತೀರ್ಪಿಗೆ ಮೇಲ್ಮನವಿಯಿಲ್ಲ. ಗುರುವಿಗೆ ಚೇಲಾ, ಚೇಲಾಳ ಚೇಲಾ ಗುರುವಿಗೆ ನಾತಿ ಚೇಲಾ, ಒಂದೇ ಗುರುವಿನ ಚೇಲಾಗಳು ಪರಸ್ಪರ ಗುರುಭಾಯಿ, ಗುರುವಿನ ಗುರು ನಾನ್‌ಗುರು ಎಂದು ತಲೆಮಾರುಗಳನ್ನು ಹೆಣೆದುಕೊಂಡು ಹೋಗುವ ಈ ವ್ಯವಸ್ಥೆಯನ್ನು ಹೊರಗಿನವರು ಭಿಕ್ಷಾಟನೆಯ ಸಂಘಟನೆಯೆಂದು ಭಾವಿಸಿದ್ದುಂಟು. ಹುಟ್ಟಿದ ಮನೆಯಿಂದ ಹೊರದೂಡಲ್ಪಟ್ಟು, ಕರ್ನಾಟಕ ತೆಲಂಗಾಣ ತಮಿಳುನಾಡುಗಳಿಂದ ರೈಲು ಹತ್ತಿ ಬಂದ ಹದಿಹರೆಯದ ಜೀವಕ್ಕೆ ಮಾತ್ರ ಅದು ಮೊಟ್ಟಮೊದಲು ಒಂದು ಆಶ್ರಯ, ಒಂದು ಅಡಿಗೆಮನೆ, ಕಾಯಿಲೆ ಬಿದ್ದರೆ ಒಂದು ಹಾಸಿಗೆ. ಶಸ್ತ್ರವನ್ನು ಸಹಿಸಿಕೊಳ್ಳುವ ಧೈರ್ಯವು ಆ ಹಾಸಿಗೆಯ ಭರವಸೆಯಿಂದ ಹುಟ್ಟಿದ್ದೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಗುಜರಾತಿನ ಮೆಹಸಾಣಾ ಜಿಲ್ಲೆಯ ಬೇಚರಾಜಿಯಲ್ಲಿ ನೆಲೆಸಿರುವ ಬಹುಚರಾ ಮಾತೆಯು ಈ ಸಂಸ್ಕಾರದ ಅಧಿದೇವತೆ. ಕುಕ್ಕುಟವಾಹನೆಯಾದ ಈಕೆಯ ಪಟವಿಲ್ಲದ ಹಿಜಡಾ ಮನೆ ಮುಂಬಯಿಯಲ್ಲಿ ವಿರಳ. ದಕ್ಷಿಣದವರು ಈಕೆಯನ್ನೇ ಪೋತಿರಾಜ ಮಾತೆಯೆಂದು ಪೂಜಿಸುತ್ತಾರೆ. ಶಸ್ತ್ರವನ್ನು ಹಿಡಿಯುವವಳಿಗೆ ದಾಯಿಯಮ್ಮನೆಂದು ಹೆಸರು. ಅವಳೂ ಹಿಜಡಾಳೇ, ಶಾಲೆಯ ವೈದ್ಯವನ್ನು ಕಲಿತವಳಲ್ಲ, ಇನ್ನೊಬ್ಬ ದಾಯಿಯ ಕೈಕೆಳಗೆ ನೋಡಿ ಕಲಿತವಳು, ಮಾತೆಯ ಶಕ್ತಿಯು ತನ್ನ ಕೈಯಲ್ಲಿ ಇಳಿಯುತ್ತದೆಂದು ನಂಬಿದವಳು. 1990ರಲ್ಲಿ ಪ್ರಕಟವಾದ ಸೆರೆನಾ ನಂದಾ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆಯ ಗ್ರಂಥವು ಆ ವಿಧಿಯನ್ನು ಸಾಕಷ್ಟು ವಿವರವಾಗಿ ದಾಖಲಿಸಿದೆ. ತೆಂಗಿನಕಾಯಿಯನ್ನು ಒಡೆದು ಅದು ಸರಿಯಾಗಿ ಎರಡು ಹೋಳಾದರೆ ಮಾತೆಯ ಅಪ್ಪಣೆಯಾಯಿತೆಂದೂ, ಇಲ್ಲವಾದರೆ ಆ ದಿನಕ್ಕೆ ಇಲ್ಲವೆಂದೂ ನಿರ್ಣಯ. ಬೆಳಗಿನ ಜಾವ ಮೂರು ನಾಲ್ಕು ಗಂಟೆಯ ಹೊತ್ತು. ಮಾತೆಯ ಪಟದ ಎದುರಿಗೆ ಸಣ್ಣದೊಂದು ಮಣೆಯ ಮೇಲೆ ಕೂರಿಸಿ, ಹಿಂದಿನಿಂದ ಒಬ್ಬಳು ಬಿಗಿಯಾಗಿ ಹಿಡಿದು, ಬಾಯಿಗೆ ತನ್ನದೇ ಕೂದಲನ್ನು ಕಚ್ಚಿಸಿ, ಮಾತೆಯ ಹೆಸರನ್ನು ಜಪಿಸುತ್ತಿರುವಂತೆಯೇ ಕೆಲಸ ಮುಗಿದುಹೋಗುತ್ತಿತ್ತು. ಹೊಲಿಗೆಯಿಲ್ಲ. ಮೂತ್ರದ್ವಾರವು ಕೂಡಿಕೊಂಡುಬಿಡದಂತೆ ಸಣ್ಣ ಕಡ್ಡಿಯೊಂದನ್ನು ಇರಿಸುತ್ತಿದ್ದರು. ಹರಿಯುವ ರಕ್ತವನ್ನು ಒಡನೆಯೇ ತಡೆಯುತ್ತಿರಲಿಲ್ಲ. ಪುರುಷಾಂಶವು ಹರಿದು ಹೋಗಲೆಂಬುದು ಅವರ ಭಾವನೆ. ಬದುಕುವುದೋ ಸಾಯುವುದೋ ಎಂಬುದು ಮೊದಲ ಒಂದು ಗಂಟೆಯಲ್ಲಿಯೇ ಇತ್ಯರ್ಥವಾಗುತ್ತಿತ್ತೆಂದು ಹೇಳುತ್ತಾರೆ.

ಇಲ್ಲಿಂದ ಮುಂದಿನದು ಬಾಣಂತನ. ಈ ಮಾತನ್ನು ನಾನು ಉಪಮೆಯಾಗಿ ತರುತ್ತಿಲ್ಲ. ಹೆರಿಗೆಯಾದ ಹೆಂಗಸನ್ನು ನಮ್ಮ ಸೀಮೆಯ ಮನೆಗಳಲ್ಲಿ ಹೇಗೆ ನಲವತ್ತು ದಿನ ಗಾಳಿಗೆ ಬಿಡದೆ, ಪಥ್ಯ ತಪ್ಪಿಸದೆ, ಅನ್ಯರ ದೃಷ್ಟಿ ತಾಗದಂತೆ ಕಾಯುತ್ತಾರೋ ಅದನ್ನೇ ಆ ಸಮುದಾಯವು ತಿಳಿದೂ ತಿಳಿದೂ ತನ್ನ ನಿರ್ವಾಣಕ್ಕೆ ಅಳವಡಿಸಿಕೊಂಡಿತು. ದಾಯಿಯೆಂದು ಸೂಲಗಿತ್ತಿಯ ಹೆಸರನ್ನೇ ಶಸ್ತ್ರಧಾರಿಣಿಗೂ ಕೊಟ್ಟಿತು. ಎಳ್ಳೆಣ್ಣೆಯನ್ನು ಕಾಯಿಸಿ ಗಾಯಕ್ಕೆ ಹಚ್ಚುವುದು, ಬಿಸಿನೀರನ್ನು ಎರಚಿ ಎರಚಿ ಶಾಖ ಕೊಡುವುದು, ತುಪ್ಪದಲ್ಲಿ ಹುರಿದ ಗೋಧಿಯಂಥ ಪುಷ್ಟಿಕರವಾದ ಆಹಾರವನ್ನು ಕೊಟ್ಟು ಖಾರ ಮಸಾಲೆ ಹಣ್ಣುಗಳನ್ನು ದೂರವಿಡುವುದು, ಇವು ದೇಹದ ಶುಶ್ರೂಷೆ. ಕನ್ನಡಿಯನ್ನು ನೋಡಕೂಡದು, ತಲೆ ಬಾಚಕೂಡದು, ಹೊಸ್ತಿಲು ದಾಟಕೂಡದು, ಗಂಡಸರ ಮುಖ ಕಾಣಕೂಡದು ಎಂಬ ನಿಷೇಧಗಳು ಇನ್ನೊಂದು ಬಗೆಯವು. ಮೇಲುನೋಟಕ್ಕೆ ಇವು ಕೇವಲ ಮಡಿಯ ನಿಯಮಗಳೆಂದು ತೋರಿದರೂ, ಹೊರಗಿನ ಸಂಪರ್ಕವನ್ನು ಕಡಿದು, ದೇಹಕ್ಕೆ ಶ್ರಮ ಕೊಡದೆ, ಸೋಂಕನ್ನು ತಕ್ಕಮಟ್ಟಿಗೆ ದೂರವಿಡುತ್ತಿದ್ದುವೆಂಬುದೂ, ಕನ್ನಡಿಯ ನಿಷೇಧವಂತೂ ಬಾತ ದೇಹವನ್ನು ಕಂಡು ಧೈರ್ಯಗೆಡದಂತೆ ಮನಸ್ಸನ್ನು ಕಾಪಾಡುತ್ತಿದ್ದಿರಬಹುದೆಂಬುದೂ ಊಹೆಗೆ ನಿಲುಕದ ಮಾತಲ್ಲ. ಗುರುಭಾಯಿಗಳು ಸರದಿಯ ಮೇಲೆ ರಾತ್ರಿ ಕಾಯುತ್ತಿದ್ದರು. ಒಬ್ಬಳು ಆ ನಲವತ್ತು ದಿನ ಮಲಗಿದ್ದರೆ ಅವಳ ಪಾಲಿನ ಬಧಾಯಿ (ಶುಭಕಾರ್ಯದ ಮನೆಗಳಲ್ಲಿ ಹರಸಿ ಪಡೆಯುವ ಕಾಣಿಕೆ), ಮಂಗತಿ (ಭಿಕ್ಷೆ)ಗಳ ಸಂಪಾದನೆಯನ್ನು ಉಳಿದವರು ತುಂಬಿಕೊಡಬೇಕು. ಕಾರ್ಖಾನೆಯ ಕೂಲಿಗೆ ಒಂದು ವಾರದ ಸಂಬಳದ ರಜೆಯೂ ಇಲ್ಲದಿದ್ದ ಮುಂಬಯಿಯಲ್ಲಿ ಈ ಸಮುದಾಯವು ತನ್ನವರಿಗೆ ನಲವತ್ತು ದಿನಗಳ ವಿಶ್ರಾಂತಿಯನ್ನು ಕಟ್ಟಳೆಯಾಗಿ ಇಟ್ಟುಕೊಂಡಿತ್ತು.

ನಲವತ್ತನೆಯ ದಿನದ ಉತ್ಸವಕ್ಕೆ ಜಲ್ಸಾ ಎಂದು ಹೆಸರು. ಅರಿಸಿನ ಹಚ್ಚಿ, ಮೈ ಮುಖಗಳ ರೋಮವನ್ನು ಕಿತ್ತು ತೆಗೆದು, ಮೆಹಂದಿ ಬಳಿದು, ಹೊಸ ಮದುವಣಗಿತ್ತಿಯಂತೆ ಸೀರೆ ಉಡಿಸಿ, ಬೆಳಗಾಗುವ ಮುನ್ನ ಮೆರವಣಿಗೆಯಲ್ಲಿ ನೀರಿನ ದಡಕ್ಕೆ ಕರೆದೊಯ್ದು, ಮಾತೆಯ ಹೆಸರಿನಲ್ಲಿ ತಲೆಯ ಮೇಲೆ ಮೂರು ಸಲ ಹಾಲು ಹೊಯ್ಯುತ್ತಿದ್ದರು. ಅದುವರೆಗೆ ಆಕ್ವಾ, ಎಂದರೆ ನಿರ್ವಾಣವಾಗದವಳು, ಎನಿಸಿಕೊಂಡಿದ್ದವಳು ಅಂದಿನಿಂದ ನಿರ್ವಾಣ. ಜಮಾತಿನಲ್ಲಿ ಅವಳ ಸ್ಥಾನ ಬೇರೆ, ಅವಳ ಆಶೀರ್ವಾದಕ್ಕೆ ಬೆಲೆ ಬೇರೆ.

ಇಷ್ಟನ್ನು ಹೇಳಿದಮೇಲೆ ಇದರ ಕರಾಳ ಮುಖವನ್ನು ಮರೆಮಾಚಿದರೆ ಅದು ಇತಿಹಾಸವಾಗಲಾರದು. ಎಷ್ಟು ಜನ ಆ ಮೊದಲ ಗಂಟೆಯನ್ನು ದಾಟಲಿಲ್ಲವೋ ಅವರ ಲೆಕ್ಕ ಯಾವ ದಫ್ತರದಲ್ಲಿಯೂ ಇಲ್ಲ. ಸತ್ತರೆ ಸುದ್ದಿ ಹೊರಬೀಳದಂತೆ ಮುಚ್ಚಿಬಿಡುವುದು ದಾಯಿಯ ಸುರಕ್ಷೆಗೆ ಅವಶ್ಯವಾಗಿತ್ತು. ಬದುಕಿದವರಲ್ಲಿಯೂ ಹಲವರಿಗೆ ಮೂತ್ರನಾಳವು ಕ್ರಮೇಣ ಸಂಕೋಚಗೊಂಡು, ಹನಿಹನಿಯಾಗಿ ಮೂತ್ರ ಹೋಗುವ ಯಾತನೆಯೂ ಮರಳಿ ಮರಳಿ ಬರುವ ಸೋಂಕೂ ಜೀವಾವಧಿಯ ಸಂಗಾತಿಗಳಾದುವು. ವೃಷಣಗಳನ್ನು ತೆಗೆದ ಬಳಿಕ ದೇಹಕ್ಕೆ ಯಾವ ಹಾರ್ಮೋನೂ ದೊರೆಯದೆ ಹೋದರೆ ಕಾಲಕ್ರಮದಲ್ಲಿ ಮೂಳೆಗಳು ಟೊಳ್ಳಾಗುತ್ತವೆಂಬುದು ಈಗ ವೈದ್ಯರಿಗೆ ತಿಳಿದ ವಿಷಯ. ಬೆನ್ನು ಬಾಗಿ ಸೊಂಟ ನೊಂದು ಕುಳಿತ ಹಿರಿಯ ಹಿಜಡಾಗಳು ಅದನ್ನು ಮುಪ್ಪಿನ ನೋವೆಂದೇ ತಿಳಿದು ಸವೆಸಿದರು. ನಲವತ್ತು ದಿನಗಳ ವಿಧಿಗೆ ನಲವತ್ತೊಂದನೆಯ ದಿನದ ವಿಚಾರ ಗೊತ್ತಿರಲಿಲ್ಲ. ಇದಲ್ಲದೆ ಆ ಶುಶ್ರೂಷೆಯು ಉಚಿತವೂ ಆಗಿರಲಿಲ್ಲ. ನಿರ್ವಾಣದ ಖರ್ಚು, ಪಥ್ಯದ ಖರ್ಚು, ಜಲ್ಸಾದ ಖರ್ಚು ಎಲ್ಲವೂ ಗುರುವಿನ ಲೆಕ್ಕದಲ್ಲಿ ಚೇಲಾಳ ಹೆಸರಿಗೆ ಸಾಲವಾಗಿ ನಿಲ್ಲುತ್ತಿದ್ದುವು. ಬೀದಿಯಲ್ಲಿ ಕೈಚಾಚಿಯೋ, ಕಾಮಾಠಿಪುರದ ಗಲ್ಲಿಗಳಲ್ಲಿ ಮೈಮಾರಿಯೋ ಅದನ್ನು ತೀರಿಸುವ ತನಕ ಗುರುವಿನ ಮನೆಯನ್ನು ಬಿಡುವಂತಿಲ್ಲ; ಬಿಟ್ಟುಹೋದವಳಿಗೆ ಜಮಾತು ದಂಡ ವಿಧಿಸುತ್ತಿತ್ತು. ತಾಯ್ತನವೂ ಜೀತವೂ ಒಂದೇ ಕೈಯಿಂದ ಬರುತ್ತಿದ್ದುವು. ಇವೆರಡರಲ್ಲಿ ಒಂದನ್ನು ಮಾತ್ರ ಕಾಣುವವರ ಬರಹಗಳನ್ನು ನಾನು ಪೂರ್ಣವಾಗಿ ನಂಬಲಾರೆ.

ಸವದತ್ತಿಯ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಂದಿರಿಗೆ, ಸೀರೆಯುಟ್ಟು ಪಡಲಿಗೆ ಹೊತ್ತು ನಡೆಯುವುದಕ್ಕೆ, ಶಸ್ತ್ರದ ಅಪ್ಪಣೆ ಬೇಕಿಲ್ಲವೆಂಬುದನ್ನು ಇಲ್ಲಿ ಪ್ರಸಂಗವಶಾತ್ ನೆನೆಯಬಹುದು. 2021ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಮಂಜಮ್ಮ ಜೋಗತಿಯವರು ಈ ಪರಂಪರೆಯವರು. ಉತ್ತರ ಕರ್ನಾಟಕದ ಹಳ್ಳಿಯಿಂದ ಹೊರಟು ಮುಂಬಯಿಯ ಘರಾಣೆಯನ್ನು ಸೇರಿದವಳ ಪಾಲಿಗೆ ಅದು ದೇವತೆಯಿಂದ ದೇವತೆಗೆ ಮಾತ್ರವಲ್ಲ, ಶಸ್ತ್ರವಿಲ್ಲದ ವಿಧಿಯಿಂದ ಶಸ್ತ್ರವನ್ನು ಬಯಸುವ ವಿಧಿಗೆ ಮಾಡಿದ ಪ್ರಯಾಣವೂ ಆಗುತ್ತಿತ್ತು.

ಇನ್ನು ಸರಕಾರದ ಮಾತು. ಮರಾಠರ ಆಳ್ವಿಕೆಯಲ್ಲಿ ಹಲವು ಹಳ್ಳಿಗಳ ಉತ್ಪನ್ನದಲ್ಲಿ ಕಾಸು ಕಾಳುಗಳ ಅಲ್ಪಸ್ವಲ್ಪ ಪಾಲನ್ನು ವಂಶಪಾರಂಪರ್ಯವಾಗಿ, ಎಂದರೆ ಗುರುವಿನಿಂದ ಚೇಲಾಳಿಗೆ, ಪಡೆಯುವ ಹಕ್ಕು ಹಿಜಡಾಗಳಿಗೆ ಇತ್ತು. ಕಂಪೆನಿ ಸರಕಾರವು ಇನಾಮುಗಳ ವಿಚಾರಣೆಗೆಂದು 1852ರಲ್ಲಿ ಮಾಡಿದ 11ನೆಯ ಕಾಯಿದೆಯು, ನೆಲದ ಕಾನೂನಿಗಾಗಲಿ ಸಾರ್ವಜನಿಕ ಸಭ್ಯತೆಗಾಗಲಿ ವಿರುದ್ಧವಾದ ಹಕ್ಕುಗಳನ್ನು ಮುಂದುವರಿಸತಕ್ಕದ್ದಲ್ಲವೆಂದು ವಿಧಿಸಿತು. ಸಭ್ಯತೆಯ ಆ ಜರಡಿಯಲ್ಲಿ ಹಿಜಡಾಗಳ ಪಾಲು ಉಳಿಯಲಿಲ್ಲ. ಧಾರವಾಡ ಬೆಳಗಾವಿಗಳ ಸೀಮೆಯೂ ಅಂದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದು, ಆ ಇನಾಮು ವಿಚಾರಣೆಯ ಮುಖ್ಯ ಕ್ಷೇತ್ರಗಳಲ್ಲೊಂದಾಗಿದ್ದಿತೆಂಬುದು ನಮ್ಮವರಿಗೆ ತಿಳಿದಿದೆ. ಹಳ್ಳಿಯ ಆಧಾರವು ತಪ್ಪಿದ ಮೇಲೆ ಪಟ್ಟಣದ ಮೇಲಿನ ಅವಲಂಬನವು ಹೆಚ್ಚಿರಬೇಕೆಂದು ಊಹಿಸುವುದು ಅಸಂಗತವಾಗದು.

1860ರ ಭಾರತೀಯ ದಂಡ ಸಂಹಿತೆಯ 320ನೆಯ ಕಲಮು ಘೋರ ಗಾಯಗಳ ಪಟ್ಟಿಯನ್ನು ಕೊಡುವಲ್ಲಿ ಪುರುಷತ್ವಹರಣಕ್ಕೆ ಪ್ರಥಮ ಸ್ಥಾನವನ್ನಿತ್ತಿತು. ಕಣ್ಣು ಕಿವಿಗಳ ನಾಶವೂ ಅದರ ಅನಂತರ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು ವಾಯವ್ಯ ಪ್ರಾಂತಗಳು, ಅವಧ, ಪಂಜಾಬುಗಳಲ್ಲಿ ಹಿಜಡಾಗಳ ಹೆಸರುಗಳನ್ನು ಪುಸ್ತಕದಲ್ಲಿ ದಾಖಲಿಸಿ, ಹೆಂಗಸಿನ ಉಡುಪಿನಲ್ಲಿ ಬೀದಿಗೆ ಬರುವುದನ್ನೂ ಹಾಡಿ ಕುಣಿಯುವುದನ್ನೂ ಶಿಕ್ಷಾರ್ಹವಾಗಿ ಮಾಡಿತು. ಮುಂಬಯಿಯು ಆ ಭಾಗದ ನೇರ ವ್ಯಾಪ್ತಿಯಲ್ಲಿರಲಿಲ್ಲ. ಹಾಗೆಂದು ಅದರ ನೆರಳು ಇಲ್ಲಿ ಬೀಳಲಿಲ್ಲವೆಂದಲ್ಲ. ನಿಜಾಮರ ಸಂಸ್ಥಾನದಲ್ಲಿ ಅಂಥದೇ ಕಾಯಿದೆಯೊಂದು ಮುಂದೆ ಫಸಲಿ ಶಕೆಯ 1329ನೆಯ ವರ್ಷದಲ್ಲಿ ಬಂದು, ಅಂದು ಅದಕ್ಕೆ ಸೇರಿದ್ದ ಕಲಬುರಗಿ ರಾಯಚೂರು ಬೀದರುಗಳಿಗೂ ಅನ್ವಯಿಸಿತು. 1884ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯದ ಮುಂದೆ ಬಂದ ಖೈರಾತಿಯ ಮೊಕದ್ದಮೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹೆಣ್ಣುಡುಪಿನಲ್ಲಿ ಹಾಡುತ್ತಿದ್ದಾಗ ಸಿಕ್ಕಿದ ಆ ವ್ಯಕ್ತಿಯನ್ನು ಸಿವಿಲ್ ಸರ್ಜನನ ಮುಂದೆ ನಿಲ್ಲಿಸಿದುದು ಚಿಕಿತ್ಸೆಗಾಗಿಯಲ್ಲ, ದೇಹವನ್ನು ಪರೀಕ್ಷಿಸಿ ಅನೈಸರ್ಗಿಕ ಸಂಭೋಗದ ಕುರುಹುಗಳಿವೆಯೆಂದು ಪ್ರಮಾಣ ನುಡಿಯುವುದಕ್ಕಾಗಿ. ಉಚ್ಚ ನ್ಯಾಯಾಲಯವು ಶಿಕ್ಷೆಯನ್ನು ರದ್ದುಗೊಳಿಸಿತು, ನಿಜ. ಆದರೆ ಪಾಶ್ಚಾತ್ಯ ವೈದ್ಯವೂ ಹಿಜಡಾ ದೇಹವೂ ಈ ದೇಶದಲ್ಲಿ ಮೊಟ್ಟಮೊದಲು ಎದುರುಬದುರಾದದ್ದು ಬಹುಮಟ್ಟಿಗೆ ಇಂಥ ಸನ್ನಿವೇಶಗಳಲ್ಲಿಯೇ. ಮುಂದೆಯೂ ಬಹುಕಾಲ ವೈದ್ಯವಿದ್ಯಾರ್ಥಿಯು ಹಿಜಡಾಳ ಉಲ್ಲೇಖವನ್ನು ಕಾಣುತ್ತಿದ್ದುದು ಶಸ್ತ್ರವೈದ್ಯದ ಪುಸ್ತಕದಲ್ಲಲ್ಲ, ನ್ಯಾಯವೈದ್ಯದ ಪುಸ್ತಕದಲ್ಲಿ, ಅಪರಾಧಗಳ ಅಧ್ಯಾಯದಲ್ಲಿ.

ಹೀಗಿದ್ದರೂ ಮುಂಬಯಿಯಲ್ಲಿ ಆಸ್ಪತ್ರೆಗಳಿಗೇನೂ ಕೊರತೆಯಿರಲಿಲ್ಲ. ಭಾಯಖಳಾದಲ್ಲಿಯೇ, ಹಿಜಡಾ ಮನೆಗಳಿಂದ ಕಾಲ್ನಡಿಗೆಯ ದೂರದಲ್ಲಿ, ಸರ್ ಜಮಶೇಟಜೀ ಜೀಜೀಭಾಯಿಯವರ ದಾನದಿಂದ ಕಟ್ಟಲ್ಪಟ್ಟ ಆಸ್ಪತ್ರೆಯು 1845ರಿಂದ ನಡೆದು ಬಂದಿತ್ತು. ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ಕಾಮಾ ಆಸ್ಪತ್ರೆ 1886ರಲ್ಲಿ ಬಾಗಿಲು ತೆರೆಯಿತು, ಪರಳದ ಕೆ.ಇ.ಎಂ. ಆಸ್ಪತ್ರೆ 1926ರಲ್ಲಿ. ಪರದೆಯ ಹೆಂಗಸರು ಗಂಡು ವೈದ್ಯರಿಗೆ ಮೈ ತೋರಿಸಲು ಒಪ್ಪದೆ ಸಾಯುತ್ತಿದ್ದಾರೆಂಬ ಕರುಣೆಯಿಂದ ಕಾಮಾ ಆಸ್ಪತ್ರೆ ಹುಟ್ಟಿತು. ಆ ಕರುಣೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಲಿಲ್ಲ. ಆಸ್ಪತ್ರೆಯ ಸಮಸ್ತ ವ್ಯವಸ್ಥೆಯೂ ಗಂಡಸರ ವಾರ್ಡು ಹೆಂಗಸರ ವಾರ್ಡುಗಳೆಂಬ ಎರಡು ಬಾಗಿಲುಗಳ ಮೇಲೆ ನಿಂತಿತ್ತು. ಕೇಸ್‌ಪೇಪರಿನ ಮೊದಲ ಸಾಲಿನಲ್ಲಿಯೇ ಆ ಪ್ರಶ್ನೆ. ಗಾಯ ಕೀವುಗಟ್ಟಿ ಜ್ವರವೇರಿದ ನಿರ್ವಾಣಳನ್ನು ಕರೆತಂದ ಗುರುಭಾಯಿಗಳು ಯಾವ ಬಾಗಿಲನ್ನು ತಟ್ಟಬೇಕು? ಗಾಯ ಹೇಗಾಯಿತೆಂದು ಕೇಳಿದರೆ ಏನೆನ್ನಬೇಕು? ನಿಜವನ್ನು ಹೇಳಿದರೆ ದಾಯಿಗೆ ಸೆರೆಮನೆ, ಹೇಳದಿದ್ದರೆ ಚಿಕಿತ್ಸೆಯಿಲ್ಲ. ಹೀಗಾಗಿ ದಂಡ ಸಂಹಿತೆಯ ಭಯದಿಂದ ಛೇದನವು ನಿಂತಿತೆಂದು ಯಾರೂ ಹೇಳಲಾರರು. ಛೇದನದ ಅನಂತರ ಆಸ್ಪತ್ರೆಗೆ ಬರುವುದು ಮಾತ್ರ ನಿಂತಿತು.

ಎರಡನೆಯ ಮಹಾಯುದ್ಧದ ಬಳಿಕ ಪಶ್ಚಿಮದಲ್ಲಿ ಈ ಶಸ್ತ್ರಚಿಕಿತ್ಸೆಯು ಹೊಸ ರೂಪವನ್ನು ತಾಳಿತು. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಚಿಕಿತ್ಸೆ ಪಡೆದ ಕ್ರಿಸ್ಟೀನ್ ಜೋರ್ಗೆನ್ಸನ್ ಎಂಬ ಅಮೆರಿಕದ ಮಹಿಳೆಯ ಸುದ್ದಿ ಲೋಕವೆಲ್ಲ ಹರಡಿತು. ಕೆಲವೇ ವರ್ಷಗಳಲ್ಲಿ ಕಾಸಾಬ್ಲಾಂಕಾದ ಜಾರ್ಜ್ ಬುರೂ ಎಂಬ ಫ್ರೆಂಚ್ ವೈದ್ಯನು ಪುರುಷಾಂಗದ ಚರ್ಮವನ್ನೇ ಒಳಮಗುಚಿ ಯೋನಿಯನ್ನು ರಚಿಸುವ ವಿಧಾನವನ್ನು ರೂಢಿಗೆ ತಂದನು. ಮುಂಬಯಿಯ ಘರಾಣೆಗಳಿಗೆ ಇದರ ಸುಳಿವು ತಲುಪಲು ದಶಕಗಳು ಬೇಕಾದುವು. ನಡುವಿನ ಕಾಲದಲ್ಲಿ ಇಲ್ಲಿ ನಡೆದುದು ಬೇರೊಂದು ಬಗೆಯ ವ್ಯಾಪಾರ. ಹಣದಾಸೆಗೋ ಕನಿಕರಕ್ಕೋ ಒಪ್ಪಿದ ವೈದ್ಯರು ಸಣ್ಣ ನರ್ಸಿಂಗ್ ಹೋಮುಗಳಲ್ಲಿ, ಫಲಕವಿಲ್ಲದೆ ರಸೀದಿಯಿಲ್ಲದೆ, ದಾಯಿಯ ಕೆಲಸವನ್ನೇ ಅರಿವಳಿಕೆಯ ಸೂಜಿಯೊಡನೆ ಮಾಡಿಕೊಡತೊಡಗಿದರು. ಆದಷ್ಟು ಬೇಗ ಹಾಸಿಗೆ ತೆರವು ಮಾಡಿಸಿ ಹಿಂಬಾಗಿಲಿನಿಂದ ಕಳುಹಿಸಿಬಿಡುತ್ತಿದ್ದರು. ತಮಿಳುನಾಡಿನಲ್ಲಿ ಹುಟ್ಟಿ, ದಿಲ್ಲಿ ಮುಂಬಯಿಗಳ ಹಿಜಡಾ ಮನೆಗಳಲ್ಲಿ ಬಾಳಿ, ಕಡೆಗೆ ಬೆಂಗಳೂರಿನಲ್ಲಿ ನೆಲೆ ಕಂಡುಕೊಂಡ ಎ. ರೇವತಿಯವರ ಆತ್ಮಕಥೆಯು, ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಿಗರಿಗೆ ಪರಿಚಿತವಾಗಿರುವ ಆ ಗ್ರಂಥವು, ಈ ಸಂಧಿಕಾಲದ ಸಾಕ್ಷ್ಯ. ಅವರ ಶಸ್ತ್ರವನ್ನು ಮಾಡಿದವನು ವೈದ್ಯ. ಆದರೆ ಹಸಿ ಗಾಯವನ್ನು ಹೊತ್ತುಕೊಂಡು ರೈಲಿನಲ್ಲಿ ಬಂದ ಮೇಲೆ ಅವರನ್ನು ಕಾಯ್ದದ್ದು ಹಿಜಡಾ ಮನೆಯೇ, ನಲವತ್ತು ದಿನಗಳ ಎಣಿಕೆ ನಡೆದದ್ದು ಅಲ್ಲಿಯೇ, ಹಾಲಿನ ವಿಧಿಯೂ ಅಲ್ಲಿಯೇ. ವೈದ್ಯನ ಕತ್ತಿಗೂ ಘರಾಣೆಯ ಬಾಣಂತನಕ್ಕೂ ನಡೆದ ಈ ಮೌನ ಒಪ್ಪಂದವು ಹಲವು ವರ್ಷಗಳ ಕಾಲ ಹೇಗೋ ಸಾಗಿತು. ವೈದ್ಯನಿಂದ ಆದದ್ದು ದಾಯಿಯಿಂದ ಆದುದಕ್ಕೆ ಸಮವಲ್ಲವೆಂದು ಹಿರಿಯ ಹಿಜಡಾಗಳು ಗೊಣಗಿದುದೂ ಉಂಟು. ಯಾತನೆಯನ್ನು ಅನುಭವಿಸದವಳಿಗೆ ಮಾತೆಯ ಅನುಗ್ರಹವೆಲ್ಲಿಯದೆಂದು ಅವರ ವಾದ.

ಸಾರ್ವಜನಿಕ ಆರೋಗ್ಯದ ಕದವು ಕಟ್ಟಕಡೆಗೆ ತೆರೆದದ್ದು ಒಂದೇ ಒಂದು ರೋಗದ ನೆವದಿಂದ. ಏಡ್ಸಿನ ಭೀತಿಯು ಹಬ್ಬಿದ ತೊಂಬತ್ತರ ದಶಕದಲ್ಲಿ, 1994ರಲ್ಲಿ, ಅಶೋಕ ರಾವ್ ಕವಿಯವರು ಹಮ್‌ಸಫರ್ ಟ್ರಸ್ಟನ್ನು ಸ್ಥಾಪಿಸಿದರು. ದಾಯಿ ವೆಲ್‌ಫೇರ್ ಸೊಸೈಟಿ ಎಂಬ ಹಿಜಡಾಗಳದೇ ಸಂಸ್ಥೆಯು ಮುಂಬಯಿಯಲ್ಲಿ ನೋಂದಾಯಿತವಾಗಿ, 2002ರಲ್ಲಿ ಲಕ್ಷ್ಮೀ ನಾರಾಯಣ ತ್ರಿಪಾಠಿಯವರು ಅದರ ಅಧ್ಯಕ್ಷರಾದರು. ಗೌರಿ ಸಾವಂತರ ಸಖಿ ಚಾರ್ ಚೌಘಿ ಸಂಸ್ಥೆಯು ಮಾಲಾಡಿನ ಕಡೆ ಕೆಲಸಕ್ಕೆ ತೊಡಗಿತು. ಕಾಂಡೋಮುಗಳು ಬಂದುವು, ರಕ್ತಪರೀಕ್ಷೆ ಬಂತು, ಮನೆಬಾಗಿಲಿಗೆ ಕಾರ್ಯಕರ್ತರು ಬಂದರು. ಆದರೆ ಮೂತ್ರ ಕಟ್ಟಿಕೊಂಡ ನಿರ್ವಾಣಳಿಗೆ ಆ ಯೋಜನೆಯಲ್ಲಿ ಅಂಕಣವಿರಲಿಲ್ಲ. ಅವಳಿಂದ ಸೋಂಕು ಇತರರಿಗೆ ಹರಡದಂತೆ ತಡೆಯುವುದಕ್ಕೆ ಹಣವಿತ್ತು, ಅವಳ ನಾಳವನ್ನು ಹಿಗ್ಗಿಸುವುದಕ್ಕೆ ಇರಲಿಲ್ಲ. 2010ರ ಡಿಸೆಂಬರಿನಲ್ಲಿ ಸಂಯುಕ್ತ ರಾಷ್ಟ್ರಗಳ ಅಭಿವೃದ್ಧಿ ಕಾರ್ಯಕ್ರಮಕ್ಕಾಗಿ ವೆಂಕಟೇಶನ್ ಚಕ್ರಪಾಣಿಯವರು ಬರೆದ ಸಮೀಕ್ಷೆಯು ಹಿಜಡಾಗಳು ಆಸ್ಪತ್ರೆಗಳಲ್ಲಿ ಅನುಭವಿಸುವುದನ್ನು ನೇರವಾದ ಮಾತುಗಳಲ್ಲಿ ಪಟ್ಟಿ ಮಾಡಿತು: ಬೇಕೆಂದೇ ಗಂಡಸಿನಂತೆ ಸಂಬೋಧಿಸುವುದು, ಗಂಡಸೆಂದೇ ದಾಖಲಿಸಿ ಗಂಡಸರ ವಾರ್ಡಿನಲ್ಲಿ ಮಲಗಿಸುವುದು, ಗಂಡಸರ ಸಾಲಿನಲ್ಲಿ ನಿಲ್ಲಿಸುವುದು, ಸಿಬ್ಬಂದಿಯೂ ಸಹರೋಗಿಗಳೂ ಕೂಡಿ ಹಾಸ್ಯ ಮಾಡುವುದು. ಅದಕ್ಕೂ ಎರಡು ವರ್ಷ ಮೊದಲೇ, 2008ರಲ್ಲಿ, ತಮಿಳುನಾಡು ಕಲ್ಯಾಣ ಮಂಡಲಿಯೊಂದನ್ನು ರಚಿಸಿ ಸರಕಾರಿ ಆಸ್ಪತ್ರೆಯಲ್ಲಿಯೇ ಈ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿತ್ತು. ಮಹಾರಾಷ್ಟ್ರ ಆಗ ಇನ್ನೂ ಯೋಚಿಸುತ್ತಿತ್ತು.

2012ರ ಮೇ ತಿಂಗಳಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದ ಮುಂದೆ ಬಂದ ಅರ್ಜಿಯೊಂದು ಈ ಇತಿಹಾಸದ ದಿಕ್ಕನ್ನು ತುಸು ತಿರುಗಿಸಿತೆಂದು ಹೇಳಬಹುದು. ಅಸ್ಸಾಮಿನಿಂದ ಬಂದು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿದ್ದ, ಇಪ್ಪತ್ತೊಂದು ವರ್ಷದ ಸ್ವಾತಿ ಬರುವಾ ಅವರ ತಂದೆತಾಯಿಗಳು ವಿರೋಧಿಸಿದುದರಿಂದ ಆಸ್ಪತ್ರೆಯು ಹಿಂಜರಿಯಿತು. ವಯಸ್ಕ ವ್ಯಕ್ತಿಯು ಇಂಥ ಚಿಕಿತ್ಸೆ ಪಡೆಯುವುದನ್ನು ತಡೆಯುವ ಕಾನೂನು ಯಾವುದೂ ಇಲ್ಲವೆಂದು ನ್ಯಾಯಾಲಯವು ಅಭಿಪ್ರಾಯಪಟ್ಟಿತು. ನೂರೈವತ್ತು ವರ್ಷ ದಂಡ ಸಂಹಿತೆಯ ನೆರಳಿನಲ್ಲಿದ್ದ ಕ್ರಿಯೆಗೆ ಹೀಗೆ ಬೆಳಕಿನಲ್ಲಿ ನಿಲ್ಲುವ ಅವಕಾಶ ದೊರೆಯಿತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಮೊಕದ್ದಮೆಯ ತೀರ್ಪಿನಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಆಸ್ಪತ್ರೆಗಳಲ್ಲಿ ತಕ್ಕ ವೈದ್ಯೋಪಚಾರವನ್ನು ಒದಗಿಸಬೇಕೆಂದು ಸರಕಾರಗಳಿಗೆ ಆದೇಶಿಸಿತು. 2018ರ ಮೇ ತಿಂಗಳಲ್ಲಿ ಹೆಣ್ಣೆಂದು ದಾಖಲಾಗಿ ಗಂಡಾಗಿ ಬಾಳಬಯಸಿದ ಬೀಡ್ ಜಿಲ್ಲೆಯ ಪೊಲೀಸು ಪೇದೆಯೊಬ್ಬರಿಗೆ ಮುಂಬಯಿಯ ಸರಕಾರಿ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೊದಲ ಹಂತ ನಡೆದಾಗ ಪತ್ರಿಕೆಗಳು ದಿನಗಟ್ಟಲೆ ಬರೆದುವು. 2020ರ ಜನವರಿ 10ರಂದು ಜಾರಿಗೆ ಬಂದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯಿದೆಯ 15ನೆಯ ಕಲಮು ಶಸ್ತ್ರಚಿಕಿತ್ಸೆಯನ್ನೂ ಹಾರ್ಮೋನನ್ನೂ, ಅವುಗಳ ಮೊದಲೂ ಅನಂತರವೂ ಆಪ್ತಸಲಹೆಯನ್ನೂ ಸರಕಾರದ ಹೊಣೆಯಾಗಿ ಹೇಳಿತು. ಅದೇ ಕಾಯಿದೆಯ 7ನೆಯ ಕಲಮಿನಂತೆ, ಹೆಣ್ಣೆಂದೋ ಗಂಡೆಂದೋ ಪ್ರಮಾಣಪತ್ರ ಬೇಕಾದವರು ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ಅಧಿಕಾರಿಯಿಂದ ಪತ್ರ ತರಬೇಕು. ದಾಯಿಯ ಕೈಯಲ್ಲಿ ನಿರ್ವಾಣ ಪಡೆದು ಮುಪ್ಪಾದವಳು ಆ ಪತ್ರವನ್ನು ಎಲ್ಲಿಂದ ತಂದಾಳು? ಕಾಯಿದೆ ಮಾಡಿದವರಿಗೆ ಅವಳ ನೆನಪಾಗಲಿಲ್ಲ.

ಶಸ್ತ್ರವೂ ಈಗ ಹಳೆಯ ಶಸ್ತ್ರವಲ್ಲ. ಯೋನಿಯನ್ನು ರಚಿಸುವ ಈಗಿನ ಚಿಕಿತ್ಸೆಯ ಬಳಿಕ ಮೊದಲ ದಿನಗಳಲ್ಲಿ ಮೂತ್ರಕ್ಕೆ ಕ್ಯಾಥೆಟರು. ಅದನ್ನು ತೆಗೆದ ಮೇಲೆ, ಹೊಸ ಮಾರ್ಗವು ಮುಚ್ಚಿಹೋಗದಂತೆ ಡೈಲೇಟರೆಂಬ ಸಾಧನವನ್ನು ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ, ಏಕಾಂತದಲ್ಲಿ ಮಲಗಿ ಬಳಸಬೇಕು. ವರ್ಷಗಳು ಕಳೆದರೂ ಪೂರ್ತಿ ಬಿಡುವಂತಿಲ್ಲ. ಹಾರ್ಮೋನಿನ ಪ್ರಮಾಣವನ್ನು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿ ನಿಶ್ಚಯಿಸಬೇಕು. ಮೂಳೆಯ ಗಟ್ಟಿತನವನ್ನು ನೋಡಿಕೊಳ್ಳಬೇಕು. ಏಕಾಂತವೆಂಬುದು ಮುಂಬಯಿಯಲ್ಲಿ ಯಾವ ವಸ್ತುವಿಗಿಂತಲೂ ದುಬಾರಿಯಾದದ್ದೆಂದು ಈ ನಗರದಲ್ಲಿ ಒಂದು ಖೋಲಿಯನ್ನು ನಾಲ್ವರೊಡನೆ ಹಂಚಿಕೊಂಡ ನಮ್ಮ ಹೊಟೇಲಿನ ಹುಡುಗರು ಕೂಡ ಹೇಳಬಲ್ಲರು. ಘರಾಣೆಯ ಹಿರಿಯಳಿಗೆ ಎಳ್ಳೆಣ್ಣೆಯ ಹದ ಗೊತ್ತು, ಡೈಲೇಟರಿನ ಹದ ಗೊತ್ತಿಲ್ಲ. ಶಸ್ತ್ರವೈದ್ಯರು ಅದನ್ನು ಬಲ್ಲರು. ಆದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಎರಡು ಸಾಲು ಬರೆದು, ತೊಂದರೆಯಾದರೆ ಬನ್ನಿರೆಂದು ಹೇಳುವಲ್ಲಿಗೆ ಬಹುಪಾಲು ಅವರ ಕೆಲಸ ಮುಗಿಯುತ್ತದೆ. ತೊಂದರೆಯಾದದ್ದು ಮಧ್ಯರಾತ್ರಿಯಾದರೆ, ಹತ್ತಿರದ ದವಾಖಾನೆಯ ಕಿರಿಯ ವೈದ್ಯನು ಇಂಥ ದೇಹವನ್ನು ಪುಸ್ತಕದಲ್ಲಿಯೂ ಕಂಡವನಲ್ಲ. ಸಾಮಾನ್ಯವಾದ ಮೂತ್ರದ ಸೋಂಕಿಗೂ ನಿಮ್ಮ ಆಪರೇಶನ್ ಮಾಡಿದವರ ಬಳಿಗೇ ಹೋಗಿರೆನ್ನುವುದು ಅವನಿಗೆ ಸುಲಭ. ಬ್ಯಾಂಕಾಕಿಗೆ ಹೋಗಿ ಶಸ್ತ್ರ ಮಾಡಿಸಿಕೊಂಡು ಬಂದ ಅನುಕೂಲಸ್ಥರದೂ ಇಲ್ಲಿಗೆ ಮರಳಿದ ಮೇಲೆ ಇದೇ ಪಾಡು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ, ಇಂದು ಈ ಚಿಕಿತ್ಸೆಗೆ ಹೋಗುವ ಟ್ರಾನ್ಸ್ ಮಹಿಳೆಯರೆಲ್ಲರೂ ಘರಾಣೆಗೆ ಸೇರಿದವರಲ್ಲ. ಓದಿ ಕಛೇರಿಯಲ್ಲಿ ದುಡಿದು, ಉಪನಗರದ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಬಾಳುತ್ತಿರುವ, ಗುರುವಿನ ಸಾಲಕ್ಕೂ ಜಮಾತಿನ ದಂಡಕ್ಕೂ ಒಳಪಡಲೊಲ್ಲದ ಹೊಸ ಪೀಳಿಗೆಯೊಂದು ಬಂದಿದೆ. ಜೀತದಿಂದ ಬಿಡುಗಡೆ ಹೊಂದುವ ಅವರ ಹಂಬಲಕ್ಕೆ ನನ್ನ ಪೂರ್ಣ ಸಹಾನುಭೂತಿಯಿದೆ. ಬಾಣಂತನವನ್ನು ಮಾತ್ರ ಅವರು ಗೆಳತಿಯರ ರಜೆಯ ದಿನಗಳಿಂದಲೂ ಫೋನಿನ ವಿಚಾರಣೆಯಿಂದಲೂ ತುಂಡುತುಂಡಾಗಿ ಹೊಲಿದುಕೊಳ್ಳಬೇಕಾಗಿದೆ. ಕೇಂದ್ರ ಸರಕಾರವು 2022ರ ಆಗಸ್ಟಿನಲ್ಲಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವಿಮೆಯನ್ನು ಘೋಷಿಸಿ, ಈ ಶಸ್ತ್ರಚಿಕಿತ್ಸೆಗಳನ್ನೂ ಅದರಲ್ಲಿ ಸೇರಿಸಿತು. 2023ರ ಫೆಬ್ರವರಿಯಲ್ಲಿ ಮುಂಬಯಿಯ ಗೋಕುಲದಾಸ ತೇಜಪಾಲ ಆಸ್ಪತ್ರೆಯಲ್ಲಿ 30 ಹಾಸಿಗೆಗಳ ಪ್ರತ್ಯೇಕ ವಾರ್ಡು ಆರಂಭವಾಯಿತು. ಎರಡೇ ಬಾಗಿಲುಗಳಿದ್ದ ಈ ನಗರದ ಆಸ್ಪತ್ರೆಗಳಲ್ಲಿ ಮೂರನೆಯ ಬಾಗಿಲೊಂದು ಹೀಗೆ ತೆರೆದುದು ಸಣ್ಣ ವಿಷಯವಲ್ಲ.

ಆದರೆ ವಾರ್ಡಿನಿಂದ ಮನೆಗೆ ಹೋಗುವಾಗ ಸಂಬಂಧಿಕರ ಅಂಕಣದಲ್ಲಿ ಯಾರ ಹೆಸರನ್ನು ಬರೆಯಬೇಕೆಂಬ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ. ಗುರುವಾಗಲಿ ಗುರುಭಾಯಿಯಾಗಲಿ ಕಾನೂನಿನ ದೃಷ್ಟಿಯಲ್ಲಿ ಬಂಧುಗಳಲ್ಲ. ಒಪ್ಪಿಗೆಯ ಪತ್ರಕ್ಕೆ ರುಜು ಹಾಕಲು, ರಾತ್ರಿ ಹಾಸಿಗೆಯ ಬಳಿ ನಿಲ್ಲಲು, ಹೊರದೂಡಿದ ತಂದೆಯನ್ನೋ ಅಣ್ಣನನ್ನೋ ಕೇಳುವುದು ಆಸ್ಪತ್ರೆಗಳ ವಾಡಿಕೆ. 2024ರಲ್ಲಿ ಕೇಂದ್ರದ ಆರೋಗ್ಯ ಮಂತ್ರಾಲಯವು ರಾಜ್ಯಗಳಿಗೆ ಬರೆದ ಪತ್ರವೊಂದರಲ್ಲಿ, ಸಮೀಪದ ಬಂಧುಗಳು ದೊರೆಯದಿದ್ದಾಗ ಸಂಗಾತಿಯು ಮೃತದೇಹವನ್ನು ಪಡೆಯಬಹುದೆಂದು ಸೂಚಿಸಿತು. ಬದುಕಿ ಉಳಿದವಳನ್ನು ಆಸ್ಪತ್ರೆಯಿಂದ ಕರೆದೊಯ್ದು ನಲವತ್ತು ದಿನ ನೋಡಿಕೊಳ್ಳತಕ್ಕ ಗುರುಭಾಯಿಗೆ ರೋಗಿಯ ಬಂಧುವೆಂಬ ಚೀಟಿಯನ್ನು ಕೊಡುವ ನಿಯಮ ಅದರ ಜೊತೆಗೆ ಬರಲಿಲ್ಲ.